ಕೇಳದೇ ಓಡುವ ಪ್ರೋಗ್ರಾಂಗಳು

"ನಾನು ಇದನ್ನ ಓಪನ್ ಮಾಡೇ ಇಲ್ಲವಲ್ಲೋ. ಮತ್ತೆ ಯಾಕೆ ಓಡ್ತಿದೆ?"

ಭಾನುವಾರದಿಂದ ಚಿಕ್ಕಮ್ಮನ ಈ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಅವರ ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆಯೇನೋ ಬರುತ್ತದೆ. ಎಕ್ಸೆಲ್ ಒತ್ತಿದರೆ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತದೆ. ಮಹಿಳಾ ಸಂಘದ ಉಳಿತಾಯ, ಸಾಲದ ಲೆಕ್ಕವೆಲ್ಲ ಅದರಲ್ಲೇ ಇದೆ. ರಿಪೇರಿ ಅಂಗಡಿಯವನು ನೋಡಿ, "ಹಳೇದಾಯ್ತು ಮೇಡಂ, ಹೊಸದು ತಗೊಳ್ಳಿ" ಅಂದನಂತೆ. ಒಳಗೆ ಏನು ಓಡುತ್ತಿದೆ ಅಂತ ನೋಡುವ ತಾಳ್ಮೆ ಇಲ್ಲದವನು ರಿಪೇರಿಯವನು ಹೇಗಾಗುತ್ತಾನೆ? ಅವನು ಬರೀ ಮಾರುವವನು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಒಳಗೆ ಏನೇನು ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದೆ. ಡಿಸ್ಕ್ ನೂರು ಪರ್ಸೆಂಟ್ ಬ್ಯುಸಿ ಅಂತ ತೋರಿಸುತ್ತಿತ್ತು. ಆನ್ ಮಾಡಿದ ಕೂಡಲೇ ತಾವಾಗಿ ಶುರುವಾಗುವ ಪ್ರೋಗ್ರಾಂಗಳ ಸ್ಟಾರ್ಟಪ್ ಪಟ್ಟಿಗೆ ಹೋದೆ. ಕೊರೊನಾ ಕಾಲದಲ್ಲಿ ಮೊಮ್ಮಗನ ಕ್ಲಾಸಿಗೆ ಹಾಕಿದ್ದ ವಿಡಿಯೊ ಆ್ಯಪ್, ಅವನದೇ ಗೇಮ್ ಲಾಂಚರ್, ಯಾರಿಗೋ ಕೊಟ್ಟುಬಿಟ್ಟ ಪ್ರಿಂಟರಿನ ಸಹಾಯಕ, ಹಾಡಿನ ಆ್ಯಪ್. ಪ್ರತಿ ಸಾಲಿಗೂ ಚಿಕ್ಕಮ್ಮ ಅದೇ ಕೇಳಿದರು: "ನಾನು ಓಪನ್ ಮಾಡೇ ಇಲ್ಲವಲ್ಲೋ."

ಕೆಲವು ಹೆಸರುಗಳ ಪಕ್ಕದಲ್ಲಿ 'ಹೈ', ಅಂದರೆ ಹೊರೆ ಜಾಸ್ತಿ, ಅಂತ ಬರೆದಿರುತ್ತದಲ್ಲ, ಅದು ಸುಮ್ನೆ ಹಾಕಿದ್ದಲ್ಲ. ಶುರುವಾಗುವಾಗ 1 ಸೆಕೆಂಡಿಗಿಂತ ಜಾಸ್ತಿ ಪ್ರೊಸೆಸರ್ ಸಮಯ ತಿಂದರೆ, ಇಲ್ಲವೇ ಡಿಸ್ಕಿನಲ್ಲಿ 3 ಎಂಬಿಗಿಂತ ಜಾಸ್ತಿ ಓದಿ ಬರೆದರೆ ವಿಂಡೋಸ್ ಹಾಗೆ ಗುರುತು ಹಾಕುತ್ತದೆ. ಇವರದು ತಿರುಗುವ ಹಳೇ ಹಾರ್ಡ್ ಡಿಸ್ಕ್. ಎಲ್ಲರೂ ಒಟ್ಟಿಗೆ ಬಸ್ಸಿನ ಒಂದೇ ಬಾಗಿಲಿಗೆ ನುಗ್ಗಿದ ಹಾಗೆ, ಅದರ ಮುಂದೆ ಅಷ್ಟೂ ಪ್ರೋಗ್ರಾಂಗಳು ಮುಗಿಬಿದ್ದಿದ್ದವು.

ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆವು. ಅದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆಯಬಹುದು. ಆಂಟಿವೈರಸ್, ಟಚ್‌ಪ್ಯಾಡಿನದು ಉಳಿಸಿದೆವು. ಬ್ರೌಸರ್ ಈ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಮುಚ್ಚಿದ ಮೇಲೆ ಹಿಂದೆ ಓಡುತ್ತಿತ್ತು. ಅದನ್ನು ಅದರ ಸೆಟ್ಟಿಂಗ್ಸ್ ಒಳಗೇ ಹೋಗಿ ನಿಲ್ಲಿಸಬೇಕಾಯಿತು. ಕೆಲವು ಅಪ್‌ಡೇಟರ್‌ಗಳು ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ, ಕಣ್ಣಿಗೆ ಕಾಣದೆ ಹಿಂದೆ ಓಡುವ ಸರ್ವಿಸ್‌ಗಳ ನಡುವೆ ಕೂತಿರುತ್ತವೆ. ಇಂಥ ಜಾಗಗಳನ್ನೆಲ್ಲ ಒಂದೇ ಕಡೆ ತೋರಿಸುವುದು ಆಟೋರನ್ಸ್. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್‌ನ ಸಾಧನ ಅದು. 2006ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡಿತು. ಆಟೋರನ್ಸ್ ಈಗಲೂ ಪುಕ್ಕಟೆ ಸಿಗುತ್ತದೆ. ಆದರೆ ಗೊತ್ತಿಲ್ಲದ ಸರ್ವಿಸ್ ಮುಟ್ಟಬಾರದು. ವಿಂಡೋಸಿನ ಸರ್ವಿಸ್‌ಗಳನ್ನು ಓಡಿಸುವ ಎಸ್‌ವಿಸಿಹೋಸ್ಟ್ (svchost) ಅನ್ನುವ ಹೆಸರು ಟಾಸ್ಕ್ ಮ್ಯಾನೇಜರಿನಲ್ಲಿ ಹತ್ತಾರು ಸಲ ಕಾಣುತ್ತದೆ, ಅದು ಮಾಮೂಲು.

ರೀಸ್ಟಾರ್ಟ್ ಕೊಟ್ಟೆವು. ಬರೀ ಶಟ್‌ಡೌನ್ ಸಾಲುವುದಿಲ್ಲ. ಬೇಗ ಆನ್ ಆಗಲಿ ಅಂತ ಇಟ್ಟಿರುವ ಫಾಸ್ಟ್ ಸ್ಟಾರ್ಟಪ್ ಇದ್ದರೆ, ಶಟ್‌ಡೌನ್ ಮಾಡಿದರೂ ವಿಂಡೋಸಿನ ಒಳಭಾಗ ಹಾಗೇ ಉಳಿದಿರುತ್ತದೆ. ಈ ಸಲ ಎಕ್ಸೆಲ್ ಬೇಗ ತೆರೆದುಕೊಂಡಿತು.

ಆಗ ಚಿಕ್ಕಮ್ಮ ಹೇಳಿದ್ದು ನನಗೆ ಚುಚ್ಚಿತು. "ನನಗೇ ಕಂಪ್ಯೂಟರ್ ಬಳಸೋಕೆ ಬರಲ್ಲ ಅಂದ್ಕೊಂಡಿದ್ದೆ."

ಇಡೀ ಸಂಘದ ಲೆಕ್ಕವನ್ನು ಪೈಸೆ ತಪ್ಪದೆ ಇಡುವ ಹೆಂಗಸು ಅವರು. ಎಲ್ಲೋ ಕೂತ ಕಂಪನಿಯೊಂದು ತನ್ನ ಆ್ಯಪ್ ಅರೆಕ್ಷಣ ಬೇಗ ತೆರೆಯಲಿ ಅಂತ ಇವರ ಯಂತ್ರದಲ್ಲಿ ಬೆಳಗಿನಿಂದಲೇ ಜಾಗ ಹಿಡಿಯುತ್ತದೆ. ಇನ್‌ಸ್ಟಾಲ್ ಮಾಡುವಾಗ ಆ ಟಿಕ್ ಮೊದಲೇ ಹಾಕಿಟ್ಟಿರುತ್ತದೆ, ಎಷ್ಟೋ ಸಲ ಕೇಳುವುದೂ ಇಲ್ಲ. ದುಡ್ಡು ಕೊಟ್ಟು ತಂದವರನ್ನು ಒಂದು ಮಾತು ಕೇಳಬೇಕಲ್ವಾ? ಕೇಳಿದ್ದರೆ ಚಿಕ್ಕಮ್ಮ ಸ್ಪಷ್ಟವಾಗಿ ಬೇಡ ಅನ್ನುತ್ತಿದ್ದರು. ಕೇಳದೇ ನುಗ್ಗಿದವರು ಯಾರೋ, ತನಗೆ ಬುದ್ಧಿ ಸಾಲದು ಅಂದುಕೊಂಡವರು ಇವರು. ಹೀಗೆ ಅಂದುಕೊಂಡು ಸುಮ್ಮನಾದ ಅಪ್ಪ ಅಮ್ಮಂದಿರು ಎಷ್ಟು ಮನೆಗಳಲ್ಲಿ ಇದ್ದಾರೋ. ಅಂಗಡಿಯವನ ಮಾತಿಗಿಂತ ನನಗೆ ಇದೇ ಜಾಸ್ತಿ ಸಿಟ್ಟು ತರಿಸಿದ್ದು.

ಹೊಸ ಲ್ಯಾಪ್‌ಟಾಪಿನ ಮಾತು ಈಗ ಇಲ್ಲ. ಮುಂದಿನ ತಿಂಗಳು ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸುತ್ತೇವೆ. ಬೇರೆ ಅಂಗಡಿಯಲ್ಲಿ.