ಪಿಕಪ್ ಬದಲಿಸುವ ಮೊದಲು ಪಾಟ್ ನೋಡಿ

ಎಲೆಕ್ಟ್ರಿಕ್ ಗಿಟಾರ್ ಸದ್ದು ಮಂಕಾಗಿದೆ ಅನ್ನಿಸಿದ ಕೂಡಲೇ ಎಲ್ಲರೂ ಹುಡುಕಲು ಶುರು ಮಾಡುವುದು ಹೊಸ ಪಿಕಪ್. ನಾನು ಹೇಳುವುದು ಇಷ್ಟೇ: ಮೊದಲು ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಯಾವ ಪಾಟ್ ಇದೆ ನೋಡಿ. ಪಾಟ್ ಅಂದರೆ ಪೊಟೆನ್ಶಿಯೋಮೀಟರ್, ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ ತಿರುಗಿಸುವ ರೆಸಿಸ್ಟರ್.

ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ವೈರಿನ ಸಾವಿರಾರು ಸುತ್ತು. ಮೇಲೆ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆದರೆ ಅದು ಸೀದಾ ಆಂಪ್‌ಗೆ ಹೋಗುವುದಿಲ್ಲ, ನಡುವೆ ವಾಲ್ಯೂಮ್ ಪಾಟ್, ಟೋನ್ ಪಾಟ್, ಕೆಪ್ಯಾಸಿಟರ್, ಸ್ವಿಚ್ಚು, ಜ್ಯಾಕು, ಕೇಬಲ್ಲು ಎಲ್ಲ ಇವೆ, ಮತ್ತೆ ಒಂದೊಂದೂ ಸದ್ದನ್ನು ಒಂಚೂರು ಬದಲಿಸುತ್ತದೆ. ವಾಲ್ಯೂಮ್ ಪೂರ್ತಿ ಇಟ್ಟರೂ ಪಾಟ್‌ನ ರೆಸಿಸ್ಟೆನ್ಸ್ ಪಿಕಪ್‌ಗೂ ಗ್ರೌಂಡ್‌ಗೂ ನಡುವೆ ಕೂತೇ ಇರುತ್ತದೆ. ಅದು ಕಡಿಮೆಯಾದಷ್ಟೂ ಚುರುಕು ಸತ್ತು ಹೋಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೊದಲೇ ಚುರುಕಾದ ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) 250ಕೆ, ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್) 500ಕೆ ಹಾಕುವುದು; ಕೆ ಅಂದರೆ ಕಿಲೋ ಓಮ್. ಪಾಟ್ ಮೇಲೆ ಬರೆದ ಅಂಕಿಯನ್ನು ನಂಬಬೇಡಿ, ಮಲ್ಟಿಮೀಟರ್ ಇಟ್ಟು ಅಳೆಯಿರಿ. ಶೇಕಡ 20ರಷ್ಟು ಆಚೀಚೆ ಇರುವುದು ಮಾಮೂಲು.

ನನ್ನ ಎರಡು ಹಂಬಕರ್‌ಗಳ ಗಿಟಾರಿನಲ್ಲಿ ಮೊದಲು ಪಾಟ್ ಮಾತ್ರ ಬದಲಿಸಿದೆ. ಮಂಕು ಅರ್ಧ ಅಲ್ಲೇ ಹೋಯಿತು. ಆಮೇಲೆ ಬ್ರಿಜ್ ಕಡೆಗೆ ಅಲ್ನಿಕೊ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಅಯಸ್ಕಾಂತದ, ಸುರುಳಿಯ ರೆಸಿಸ್ಟೆನ್ಸ್ 8ಕೆ ಹತ್ತಿರದ ಪಿಕಪ್ ಹಾಕಿದೆ. ಜಾಸ್ತಿ ಸುತ್ತಿದ 14ಕೆ, 15ಕೆ ಪಿಕಪ್‌ಗಳ ಸದ್ದು ಜೋರಾಗಿರುತ್ತದೆ ನಿಜ, ಆದರೆ ಸುತ್ತು ಜಾಸ್ತಿಯಾದಷ್ಟೂ ಮೇಲಿನ ಸ್ವರಗಳ ಹೊಳಪು ಕಡಿಮೆಯಾಗುತ್ತದೆ. ಜೋರು ಬೇಕಿದ್ದರೆ ಆಂಪ್ ಇದೆ ಅಲ್ವಾ? ಕಳೆದ ಹೊಳಪನ್ನು ತರುವುದೇ ಕಷ್ಟ.

ಬೆಸುಗೆಯಲ್ಲಿ ಕಾಡುವ ಜಾಗ ಒಂದೇ, ಪಾಟ್‌ನ ಬೆನ್ನು. ಅದು ಬಿಸಿಯನ್ನೆಲ್ಲ ನುಂಗಿಬಿಡುತ್ತದೆ. ಸೂಜಿಯಂಥ ಮೊನೆಯ ಐರನ್ ಹಿಡಿದು ನಿಮಿಷಗಟ್ಟಲೆ ಕೂತರೆ ಬೆಸುಗೆ ಹತ್ತುವುದಿಲ್ಲ, ಪಾಟ್ ಮಾತ್ರ ಹಾಳಾಗುತ್ತದೆ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಅಗಲ ಮೊನೆಯನ್ನು ಚೆನ್ನಾಗಿ ಕಾಯಿಸಿ, ಬೇಗ ಇಟ್ಟು ಬೇಗ ತೆಗೆಯಿರಿ. ಬೆಸುಗೆ ಹರಿದು ಹೊಳೆಯಬೇಕು, ಉಂಡೆಯಾಗಿ ಕೂತರೆ ಅದು ಹಿಡಿದಿಲ್ಲ ಅಂತಲೇ ಅರ್ಥ. ಹಳೆಯದನ್ನು ಬಿಡಿಸುವ ಮೊದಲು ಫೋಟೊ ತೆಗೆದಿಡಿ, ಇದಂತೂ ಖಂಡಿತ.

ನಾಲ್ಕು ವೈರಿನ ಹಂಬಕರ್ ಆದರೆ ಬಣ್ಣಗಳ ಬಗ್ಗೆ ಹುಷಾರು. ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಲ್ಲ, ಆಯಾ ತಯಾರಕರ ಚಾರ್ಟನ್ನೇ ನೋಡಬೇಕು. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ತೆಳುವಾಗಿ, ಮೂಗಿನಲ್ಲಿ ಮಾತಾಡಿದಂತೆ ಬಂದರೆ ಫೇಸ್ ಉಲ್ಟಾ ಆಗಿದೆ, ಅಂದರೆ ಎರಡರ ಸಿಗ್ನಲ್ ಒಂದಕ್ಕೊಂದು ಎದುರಾಗಿವೆ. ಒಂದು ಪಿಕಪ್‌ನ ಎರಡು ತುದಿಗಳನ್ನು ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಹೀಗೆ ಬದಲಿಸುವ ಪಿಕಪ್‌ಗೆ ಲೋಹದ ಕವರ್ ಇದ್ದರೆ ಅದರ ಗ್ರೌಂಡ್ ವೈರ್ ಬೇರೆಯೇ ಇರಬೇಕು, ಇಲ್ಲದಿದ್ದರೆ ಕವರ್ ಮುಟ್ಟಿದಾಗೆಲ್ಲ ಗುಂಯ್ ಅನ್ನುತ್ತದೆ.

ಆ ಗುಂಯ್ ಸದ್ದು ಮನೆಯ ಕರೆಂಟಿನದು, 50 ಅಥವಾ 60 ಹರ್ಟ್ಸ್. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಇದನ್ನು ತಡೆಯುವುದಕ್ಕೇ. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಅಯಸ್ಕಾಂತ, ಉಲ್ಟಾ ಜೋಡಣೆ. ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಗದ್ದಲ ಒಂದನ್ನೊಂದು ಅಳಿಸುತ್ತದೆ. ಎಷ್ಟು ಚಂದದ ಯೋಚನೆ! ಸಿಂಗಲ್ ಕಾಯಿಲ್ ಇಟ್ಟುಕೊಳ್ಳುವವರು ಒಳಗಿನ ಗೂಡಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಬೇರೆ ಗದ್ದಲವಾದರೂ ಕಡಿಮೆಯಾಗುತ್ತದೆ.

ವಾಲ್ಯೂಮ್ ಇಳಿಸಿದಾಗ ಸದ್ದು ಮಸುಕಾಗುತ್ತದಾ? ಟೋನ್ ಕಂಟ್ರೋಲಿನ ವೈರನ್ನು ವಾಲ್ಯೂಮ್ ಪಾಟ್‌ನ ಪಿಕಪ್ ಬರುವ ಕಾಲಿನಿಂದ ಬಿಡಿಸಿ ನಡುವಿನ ಕಾಲಿಗೆ ಹಾಕಿ. 50ರ ದಶಕದ ವೈರಿಂಗ್ ಅನ್ನುವುದು ಇದನ್ನೇ. ಹೊಸ ಸಾಮಾನು ಏನೂ ಬೇಡ, ನನಗೆ ಇದೇ ಇಷ್ಟ.

ತಂತಿ ಹಾಕುವ ಮೊದಲೇ ಆಂಪ್‌ಗೆ ಜೋಡಿಸಿ, ಸ್ಕ್ರೂಡ್ರೈವರ್‌ನಿಂದ ಒಂದೊಂದು ಪಿಕಪ್ ಮೇಲೂ ಮೆಲ್ಲಗೆ ತಟ್ಟಿ. ಸ್ವಿಚ್ ತಿರುಗಿಸಿದಂತೆ ಟಕ್ ಟಕ್ ಸರಿಯಾಗಿ ಕೇಳಿಸಬೇಕು. ಎತ್ತರವನ್ನು ಕೊನೆಗೆ ಹೊಂದಿಸಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ಸುಮಾರು 2 ಮಿಲಿಮೀಟರ್ ಜಾಗ ಇಟ್ಟು ಶುರು ಮಾಡಿ, ಆಮೇಲೆ ಕಿವಿ ಕೇಳಿದಂತೆ ಕಾಲು ಸುತ್ತು, ಅರ್ಧ ಸುತ್ತು ಸ್ಕ್ರೂ ತಿರುಗಿಸುತ್ತಾ ಹೋಗಿ. ಸಿಂಗಲ್ ಕಾಯಿಲ್ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ, ದಪ್ಪ ತಂತಿಗಳ ಕಡೆ ಸ್ವಲ್ಪ ಜಾಸ್ತಿಯೇ ಇಳಿಸಿಡಿ.