ಜೋಡಿ ಎಣಿಸಿದ ಪ್ರಾಕ್ಟಿಕಲ್

1997ರಲ್ಲಿ ನಾವು ಬಿಎಸ್ಸಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಕೊನೆಯ ವರ್ಷದವರು. ಭ್ರೂಣಶಾಸ್ತ್ರದ ಪ್ರಾಕ್ಟಿಕಲ್‌ಗೆ ಮೊಟ್ಟೆ ತರುವ ಕೆಲಸ ಹಳ್ಳಿಯಿಂದ ಬರುವವರ ಪಾಲಿಗೆ. ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಹುಂಜ ಇರುವ ಮನೆಯ ನಾಟಿ ಮೊಟ್ಟೆಯೇ ಬೇಕು ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

ಕಾವು ಕೊಟ್ಟ ಮೊಟ್ಟೆಯನ್ನು ಬೆಚ್ಚಗಿನ ಉಪ್ಪುನೀರಿನ ಬಟ್ಟಲಿಗೆ ಒಡೆದು ಹಾಕಬೇಕು. ನಡುವೆ ತೂತು ಮಾಡಿದ ಫಿಲ್ಟರ್ ಪೇಪರನ್ನು ಹಳದಿಯ ಮೇಲಿನ ಭ್ರೂಣಕ್ಕೆ ಸರಿಯಾಗಿ ಕೂರಿಸಿ, ಸುತ್ತ ಕತ್ತರಿಸಿ, ಉಸಿರು ಬಿಗಿಹಿಡಿದು ಎತ್ತಬೇಕು. ಸೂಕ್ಷ್ಮದರ್ಶಕದಡಿ ನರಕೊಳವೆಯ (ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ಎರಡೂ ಬದಿಗೆ ಜೋಡಿ ಜೋಡಿಯಾಗಿ ಚೌಕನೆಯ ಗಂಟುಗಳು: ಮುಂದೆ ಬೆನ್ನಿನ ಮೂಳೆ, ಸ್ನಾಯು ಆಗುವ ಸೋಮೈಟ್‌ಗಳು. ತಲೆಯ ಕಡೆಯವಕ್ಕೆ ಗಡಿ ಸ್ಪಷ್ಟ. ಬಾಲದ ಕಡೆ ಇನ್ನೂ ತುಂಡಾಗದ ಪಟ್ಟಿ. “ಎಷ್ಟು ಗಂಟೆಯ ಭ್ರೂಣ ಅಂತ ಬರೀಬೇಡಿ, ಎಷ್ಟು ಜೋಡಿ ಅಂತ ಬರೀರಿ” ಎನ್ನುತ್ತಿದ್ದರು ಮೇಡಂ. ಕಾವು ಪೆಟ್ಟಿಗೆಯ ಕರೆಂಟು ಹೋದರೆ ಗಂಟೆಯ ಲೆಕ್ಕ ಕೆಡುತ್ತದಲ್ಲ! ವಿಜ್ಞಾನಿಗಳಾದ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಮಾಡಿದ ಕೋಳಿ ಭ್ರೂಣದ ಹಂತಗಳ ಪಟ್ಟಿಯಲ್ಲೂ ಅಷ್ಟೇ, 10 ಜೋಡಿ ಇದ್ದರೆ ಹತ್ತನೇ ಹಂತ.

ಒಂದು ಸೋಮೈಟಿಗೆ ಬೆನ್ನೆಲುಬಿನ ಒಂದು ಮೂಳೆ ಎಂದು ಬಾಯಿಪಾಠ ಮಾಡಿದವರಿಗೆ ಅವರು ಬಣ್ಣದ ಸೀಮೆಸುಣ್ಣ ಹಿಡಿದು ಪಾಠ ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಒಂದರ ಹಿಂಭಾಗ ಕೆಂಪು, ಅದರ ಹಿಂದೆಯೇ ಇರುವುದರ ಮುಂಭಾಗ ಹಳದಿ. ಎರಡೂ ಕೂಡಿ ಒಂದು ಮೂಳೆ. ಹಾಗಾಗಿಯೇ ಒಂದು ಸೋಮೈಟಿನ ಸ್ನಾಯು ಎರಡು ಮೂಳೆಗಳಿಗೆ ಹಬ್ಬುತ್ತದೆ, ಬೆನ್ನು ಬಾಗುತ್ತದೆ.

ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೊಂದು ಜೋಡಿ ಏಕೆ ಎಂಬುದು ಮಾತ್ರ ನಮ್ಮ ಪಠ್ಯದಲ್ಲಿ ಇರಲಿಲ್ಲ. ಜೀವಕೋಶಗಳೊಳಗೊಂದು ಗಡಿಯಾರ, ತಲೆಯಿಂದ ಬಾಲದತ್ತ ಸರಿಯುವ ಒಂದು ಅಲೆ, ಎರಡೂ ಸೇರಿ ಗಡಿ ಹಾಕುತ್ತವೆ ಎಂದು ಕುಕ್ ಮತ್ತು ಝೀಮನ್ ಎಂಬ ವಿಜ್ಞಾನಿಗಳು 1976ರಲ್ಲೇ ಊಹಿಸಿದ್ದರು. ನಾವು ಪದವಿ ಮುಗಿಸಿದ ವರ್ಷವೇ ಫ್ರಾನ್ಸಿನ ಮಾರ್ಸೇಯಲ್ಲಿ ಒಲಿವಿಯೆ ಪೂರ್ಕಿಯೆ ತಂಡ ಆ ಗಡಿಯಾರವನ್ನು ಕೋಳಿಯ ಭ್ರೂಣದಲ್ಲೇ ಹಿಡಿಯಿತು: ತುಂಡಾಗದ ಆ ಪಟ್ಟಿಯಲ್ಲಿ ಒಂದು ಜೀನ್ 90 ನಿಮಿಷಕ್ಕೊಮ್ಮೆ ಚಾಲೂ ಆಗಿ ಆರುತ್ತದೆ. ಎಂಎಸ್ಸಿ ಲೈಬ್ರರಿಯಲ್ಲಿ ಅದನ್ನು ಓದಿದಾಗ ಮೇಡಂಗೆ ಹೇಳಬೇಕೆನಿಸಿತ್ತು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಹಾವಿಗೆ ಅಷ್ಟೊಂದು ಮೂಳೆ ಎಲ್ಲಿಂದ ಬಂತು ಎಂದು ಕೇಳಿ ಕ್ಲಾಸನ್ನೇ ನಗಿಸಿದ್ದ ಗೆಳೆಯನೊಬ್ಬನಿದ್ದ. 2008ರಲ್ಲಿ ಅದಕ್ಕೂ ಉತ್ತರ ಬಂತು: ಬೆಳವಣಿಗೆಯ ವೇಗಕ್ಕೆ ಹೋಲಿಸಿದರೆ ಹಾವಿನ ಗಡಿಯಾರ ಬಹಳ ಚುರುಕು, ಹಾಗಾಗಿ ತುಂಡುಗಳು ಚಿಕ್ಕವು, ಸಂಖ್ಯೆ 300ರ ಮೇಲೆ. ಅವನೀಗ ಔಷಧಿ ಅಂಗಡಿ ಇಟ್ಟಿದ್ದಾನೆ. ಫೋನ್ ಮಾಡಿ ಹೇಳಿದೆ. “ಹನ್ನೊಂದು ವರ್ಷ ತಡ ಆಯ್ತಲ್ಲೋ, ಇಂಟರ್ನಲ್ ಮಾರ್ಕ್ಸ್ ಹಾಕ್ಸು” ಅಂದ.