ಮುಖಗಳನ್ನು ಮುಚ್ಚಿ ನೋಡಿದಾಗ

ಹಳೆಯ ಛಾಯಾಚಿತ್ರವೊಂದು ಕೈಗೆ ಬಂದರೆ ನಾವು ಮೊದಲು ಹುಡುಕುವುದು ಮುಖಗಳನ್ನು. ನಾನು ಈಗೀಗ ಮುಖಗಳ ಮೇಲೆ ಕಾಗದದ ಚೂರೊಂದನ್ನು ಇಟ್ಟು, ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಛಾವಣಿ ಹುಲ್ಲಿನದೋ ಹೆಂಚಿನದೋ, ದಾರಿಯಲ್ಲಿರುವುದು ಗಾಡಿಯ ಜಾಡೋ ಟೈರಿನ ಗುರುತೋ, ವಿದ್ಯುತ್ ಕಂಬ ಬಂದಿದೆಯೋ ಇಲ್ಲವೋ, ಈಗ ಬೋಳಾಗಿರುವ ಗುಡ್ಡದಲ್ಲಿ ಆಗ ಮರಗಳಿದ್ದವೋ ಎಂಬಂಥ ವಿವರಗಳು ಛಾಯಾಗ್ರಾಹಕ ಬೇಕೆಂದು ತೆಗೆದವಲ್ಲ. ಅವನ ಗಮನಕ್ಕೆ ಬಾರದೆ ಚಿತ್ರದೊಳಗೆ ನುಸುಳಿದವು. ಹಳ್ಳಿಗಾಡಿನ ಚರಿತ್ರೆಗೆ ನನ್ನ ಮಟ್ಟಿಗೆ ಇವೇ ಹೆಚ್ಚು ನಂಬಿಕಸ್ತ ಸಾಕ್ಷಿಗಳು.

ಚಿತ್ರದ ಬೆನ್ನಿಗೆ ಬರೆದಿರುವ ಇಸವಿಯನ್ನು ಹಾಗೆ ನಂಬಲಾಗದು, ಏಕೆಂದರೆ ಎಷ್ಟೋ ವರ್ಷಗಳ ನಂತರ ಯಾರೋ ನೆನಪಿನಿಂದ ಬರೆದಿರುವ ಸಾಧ್ಯತೆ ಇದ್ದೇ ಇರುತ್ತದೆ. ಕಾಗದದ ವಯಸ್ಸೂ ಪೂರ್ತಿ ಉತ್ತರವಲ್ಲ. ಹಳೆಯ ನೆಗೆಟಿವ್‌ನಿಂದ ಹೊಸ ಪ್ರತಿ ತೆಗೆದಿರಬಹುದು. ಆದರೂ ತಂತ್ರದ ಇತಿಹಾಸ ತಿಳಿದಿದ್ದರೆ ಒಂದು ಅಂದಾಜು ಸಿಗುತ್ತದೆ. 1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ದ್ರಾವಣ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಹಳ್ಳಿಗೆ ಹೋಗುವವನು ಕತ್ತಲೆಯ ಡೇರೆಯನ್ನೂ ರಾಸಾಯನಿಕಗಳನ್ನೂ ಹೊತ್ತೊಯ್ಯಬೇಕಾದ ಮೇಲೆ, ಅಷ್ಟು ಖರ್ಚಿಗೆ ತಕ್ಕ ಭವ್ಯ ಕಟ್ಟಡ, ಸೇತುವೆಗಳತ್ತಲೇ ಕ್ಯಾಮೆರಾ ತಿರುಗಿದ್ದರೆ ಆಶ್ಚರ್ಯವಿಲ್ಲ. ಒಣ ಫಲಕಗಳೂ, 1888ರ ಕೊಡಾಕ್ ಕ್ಯಾಮೆರಾವೂ, 1900ರ ಅಗ್ಗದ ಬ್ರೌನಿ ಕ್ಯಾಮೆರಾವೂ ಬಂದ ಮೇಲೆಯೇ ಕಳೆ ಕೀಳುವವರು, ದನ ಕಾಯುವವರು ಸಲೀಸಾಗಿ ಚಿತ್ರಕ್ಕೆ ಬರಲು ಸಾಧ್ಯವಾಯಿತು.

ಬಣ್ಣದ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಗುಂಪುಚಿತ್ರವೊಂದರಲ್ಲಿ ಎಲ್ಲರೂ ಕಪ್ಪುಡುಗೆ ತೊಟ್ಟಿದ್ದಾರೆಂದು ಭಾವಿಸಿ, ಅದು ಶೋಕದ ಸಂದರ್ಭವೆಂದು ಟಿಪ್ಪಣಿ ಬರೆದಿಟ್ಟಿದ್ದೆ. ಆ ಕಾಲದ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಬಟ್ಟೆ ಕಪ್ಪಾಗಿಯೂ ನೀಲಿ ಆಕಾಶ ಮೋಡಗಳ ಸುಳಿವಿಲ್ಲದೆ ಬೆಳ್ಳಗೂ ಮೂಡುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅದು ಮದುವೆಯ ಗುಂಪೇ ಆಗಿದ್ದಿರಬಹುದು! ಟಿಪ್ಪಣಿಯನ್ನು ಹೊಡೆದುಹಾಕಿದೆ. ಖಾಲಿ ಬೀದಿಯನ್ನು ಕಂಡು ಊರು ಪಾಳುಬಿದ್ದಿತ್ತೆಂದು ಹೇಳುವುದೂ ಇಂಥದೇ ಆತುರ. ಬೆಳಕು ದೀರ್ಘಕಾಲ ಬೀಳಬೇಕಿದ್ದ ದಿನಗಳಲ್ಲಿ ನಡೆದಾಡುವವರು ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ.

ಇಷ್ಟಾದ ಮೇಲೆ ಕ್ಯಾಮೆರಾ ಇದ್ದ ಜಾಗಕ್ಕೇ ಹೋಗಿ ನಿಲ್ಲುವುದು ನನಗೆ ಅತಿ ಇಷ್ಟದ ಕೆಲಸ. ಹತ್ತಿರದ ಬಂಡೆಯೊಂದನ್ನೂ ದೂರದ ಗುಡ್ಡದ ಕೊರಕಲನ್ನೂ ಗುರುತು ಮಾಡಿಕೊಂಡು, ಚಿತ್ರದಲ್ಲಿರುವಂತೆ ಅವೆರಡೂ ಒಂದರ ಹಿಂದೊಂದು ಬರುವವರೆಗೆ ಎಡಕ್ಕೂ ಬಲಕ್ಕೂ ಸರಿಯುತ್ತ ಹೋಗುತ್ತೇನೆ. ಜಾಗ ಸಿಕ್ಕಿದರೂ ಒಮ್ಮೊಮ್ಮೆ ಅದೇ ಚಿತ್ರವನ್ನು ಮತ್ತೆ ತೆಗೆಯಲಾಗುವುದಿಲ್ಲ. ಅಂದು ಮೊಣಕಾಲೆತ್ತರವಿದ್ದ ಸಸಿ ಇಂದು ಗುಡ್ಡವನ್ನೇ ಮರೆಮಾಡಿ ನಿಂತಿರುತ್ತದೆ.